ಕೈ ಝಾಡಿಸೋ ಹೊತ್ತು

ನೌಕರರ ಮಣಿಕಟ್ಟು ನೋಯಬಾರದಂತ ನಮ್ಮ ಆಫೀಸಿನ ಕಂಪ್ಯೂಟರ್‌ಗೆ ಹೊಸಾದೊಂದು ವ್ಯವಸ್ಥಾ ಹಾಕ್ಯಾರ. ತಾಸಿಗೊಮ್ಮೆ ಪರದೆ ತಾನಾಗೇ ಬಂದ್ ಆಗಿ, 'ಎದ್ದು ನಿಂತು ಕೈ ಝಾಡಿಸಿ' ಅಂತೈತಿ.

ಮೊನ್ನೆ ಉಪ್ಪಿನಬೆಟಗೇರಿಯ ಅಜ್ಜಿಯೊಬ್ರು ಪಿಂಚಣಿ ಕೆಲಸಕ್ಕ ಬಂದಿದ್ರು. ಅವರಿಗೆ ಬಸ್ಸಿನ ಗಡಿಬಿಡಿ. ಅರ್ಧಾ ಟೈಪ್ ಮಾಡೂದ್ರಾಗ ಪರದೆ ಬಂದ್ ಆತು. ನಾ ಎದ್ದು ಕೈ ಝಾಡಿಸಿದೆ.

"ಇರಿವಿ ಕಡೀತೇನೋ ತಮ್ಮಾ?"

"ಇಲ್ಲಬೇ, ಕೈ ನೋಯಬಾರದಂತ ಮಷೀನೇ ಕೆಲಸ ನಿಲ್ಲಸ್ತೈತಿ."

ಬೈತಾರ ಅಂದ್ಕೊಂಡಿದ್ದೆ. ಅವರು ಪರದೆಯನ್ನ ಆಸೆಲಿಂದ ನೋಡಿ, "ನಮ್ಮ ರೊಟ್ಟಿ ಹಂಚಿಗೂ ಇಂಥಾದೊಂದು ಹಾಕಿಕೊಡಪಾ" ಅಂದ್ರು.

ರಾತ್ರಿ ಊಟಕ್ಕ ಕುಂತಾಗ ಇದನ್ನ ಹೆಂಡ್ತಿಗೆ ಹೇಳಿ ನಕ್ಕೆ. ಆಕಿನೂ ನಕ್ಕಳು. ಇನ್ನೊಂದು ಬಿಸಿ ರೊಟ್ಟಿ ಕೇಳಿದ್ದಕ್ಕ, ಗ್ಯಾಸ್ ಬಂದ್ ಮಾಡಿ, ನನ್ನ ಮುಂದ ನಿಂತು ಕೈ ಝಾಡಿಸಾಕ ಹತ್ತಿದಳು.

ಉಳಿದ ರೊಟ್ಟಿ ನಾನೇ ಬಡಿದೆ. ಒಂದೂ ಗುಂಡಗ ಬರಲಿಲ್ಲ. ಮಣಿಕಟ್ಟು ಮಾತ್ರ ಈಗ ಖರೇನ ನೋಯಾಕತ್ತೈತ್ರಿ.