ರಾಹುಕಾಲದ ಇಂಟರ್‌ವ್ಯೂಗೆ ಬನಶಂಕರಮ್ಮ ಕಳಿಸಿಕೊಟ್ಟದ್ದು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶ್ರಾವಣದ ಒಂದು ಗುರುವಾರ, ಬನಶಂಕರಿ ಎರಡನೇ ಹಂತದ ನಮ್ಮ ಮನೆ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಪಕ್ಕದ ಮನೆ ಪದ್ಮಕ್ಕ ಕಾಂಪೌಂಡಿನ ಮೇಲಿಂದ ಕೂಗಿದರು: "ಲಕ್ಷ್ಮೀ, ಓಡಿ ಬಾರೇ! ನಿನ್ನ ಮೈದುನ ವಿಮಲನ್ನ ಜಡೆ ಹಿಡಿದು ಬೀದೀಲಿ ಎಳಕೊಂಡು ಬರ್ತಿದಾನೆ!"

ವಿಮಲ ನನ್ನ ಒಬ್ಬಳೇ ಮಗಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೈದುನ ಶಿವುವಿನದೇ ದರ್ಬಾರು. ನಲವತ್ತು ದಾಟಿದ ತನ್ನ ಸ್ನೇಹಿತನಿಗೆ ಅವಳನ್ನು ಎರಡನೇ ಸಂಬಂಧವಾಗಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಮಾರನೇ ದಿನ ಶುಕ್ರವಾರ ಹತ್ತೂವರೆಗೆ ಅವಳಿಗೆ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಇಂಟರ್‌ವ್ಯೂ. ಕೆಲಸ ಸಿಕ್ಕರೆ ಹುಡುಗಿ ಕೈತಪ್ಪುತ್ತಾಳೆಂದು ಅವನಿಗೆ ಗೊತ್ತು.

ಹದಿನೈದು ದಿನದಿಂದ ಅವನಿಗೆ ತಿಳಿಯದಂತೆ ತಯಾರಿ ನಡೆಸಿದ್ದೆವು. ನನಗೆ ಇಂಗ್ಲಿಷ್ ಬಾರದು. ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ನಾನು ಮಣೆ ಮೇಲೆ ಆಫೀಸರಾಗಿ ಕೂತು, "ವೈ ಡು ಯು ವಾಂಟ್ ದಿಸ್ ಜಾಬ್?" ಅಂತ ಗದರುವುದು.

"ಅಮ್ಮಾ, ಸೊಪ್ಪಿನವಳ ಹತ್ರ ಜಗಳ ಆಡೋ ಹಾಗೆ ಕೇಳ್ತೀಯಲ್ಲ!"

"ಅವರು ಇನ್ನೂ ಜೋರಾಗಿ ಕೇಳಿದ್ರೆ? ತಲೆ ಎತ್ತಿ ಹೇಳು."

ಯಾರು ಚಾಡಿ ಹೇಳಿದರೋ, ಶಿವು ಅವಳನ್ನು ಲೈಬ್ರರಿ ಬಾಗಿಲಲ್ಲೇ ಹಿಡಿದಿದ್ದ. ಒಳಗೆ ತಂದವನೇ ಬಾಗಿಲ ಚೌಕಟ್ಟಿಗೆ ಅವಳ ತಲೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ರವಿಕೆಗೆ ಇಳಿಯಿತು. "ಸರ್ಟಿಫಿಕೇಟ್ ಎಲ್ಲೇ?" ಅಂತ ಟ್ರಂಕು ಒದ್ದ, ದೇವರ ಗೂಡು ಕೆಡವಿದ. ಅಲ್ಲಿ ಸಿಕ್ಕಿದ್ದು ಪ್ರಶ್ನೆಯ ಹಾಳೆಗಳು ಮಾತ್ರ. ಸೀಮೆಎಣ್ಣೆ ಸುರಿದು ಸುಟ್ಟ. ಆಮೇಲೆ ಬೆಲ್ಟು ಬಿಚ್ಚಿದ. ಬಿದ್ದವಳ ಮೇಲೆ ನಾಲ್ಕು ಏಟು ಬಿತ್ತು. ಐದನೆಯದಕ್ಕೆ ನಾನು ಒನಕೆ ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಮೊಣಕಾಲು ನೋಡಿಯೇ ಬಾರಿಸಿದೆ. ಕೂಗಿಕೊಂಡು ಕುಸಿದ.

ಸರ್ಟಿಫಿಕೇಟು ಪದ್ಮಕ್ಕನ ಮನೆಯಲ್ಲಿತ್ತು. ಶುಕ್ರವಾರ ಹತ್ತೂವರೆಗೆ ಸರಿಯಾಗಿ ರಾಹುಕಾಲ. ಅದಕ್ಕೆ ಗುರುವಾರ ಬೆಳಿಗ್ಗೆಯೇ ಒಳ್ಳೆ ಗಳಿಗೆ ನೋಡಿ, ಸರ್ಟಿಫಿಕೇಟಿದ್ದ ಅವಳ ಚೀಲವನ್ನು ಅಲ್ಲಿ ಪ್ರಸ್ಥಾನ ಇಟ್ಟಿದ್ದೆ. ಸಾಮಾನು ಮುಂಚೆಯೇ ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದ ಹಾಗೇ ಅಂತ ನಮ್ಮತ್ತೆಯವರ ಕಾಲದ ಪದ್ಧತಿ. ಆ ಬುದ್ಧಿ ಕೊಟ್ಟವಳು ಗುಡಿಯಲ್ಲಿರುವ ನಮ್ಮ ಬನಶಂಕರಮ್ಮನಲ್ಲದೆ ಇನ್ಯಾರು?

ಶಿವುವನ್ನು ಅಲ್ಲೇ ಬಿಟ್ಟು ವಿಮಲನ್ನ ಆಸ್ಪತ್ರೆಗೆ ಕರಕೊಂಡು ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್, "ಎದ್ದೇಳ್ರೀ, ಸೀಟು ಬಿಡ್ರೀ, ಹುಡುಗಿಗೆ ರಕ್ತ ಹೋಗ್ತಿದೆ!" ಅಂತ ಕಿರುಚಿದ. ಜಯನಗರದ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಏಟು ಇನ್ನು ಅರ್ಧ ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತಂತೆ.

"ಈ ಮುಖ ಇಟ್ಕೊಂಡು ಯಾರ ಮುಂದೆ ಕೂರ್ಲಮ್ಮ?" ಅಂತ ಅತ್ತಳು. ನನಗೂ ಜೀವ ಸೋತುಹೋಯಿತು. ಆಗ ಹೊಳೆಯಿತು: ಎಲ್ಲರೂ ಹೆದರುವ ರಾಹುಕಾಲದಲ್ಲೇ ಅಲ್ಲವೇ ನಮ್ಮ ಬನಶಂಕರಮ್ಮ ನಿಂಬೆಹಣ್ಣಿನ ದೀಪ ತೆಗೆದುಕೊಳ್ಳುವುದು? "ನಿನ್ನ ಹೊತ್ತಿನಲ್ಲೇ ಕರೆದಿದ್ದಾರೆ ತಾಯಿ, ನೀನೇ ನೋಡ್ಕೋ" ಅಂದೆ.

ಬೆಳಿಗ್ಗೆ ಶಿವು ಮೊಣಕಾಲು ಊದಿ ಏಳಲಾರದೆ ಬಯ್ಯುತ್ತಾ ಮಲಗಿದ್ದ. ವಿಮಲ ಅವನನ್ನು ದಾಟಿಕೊಂಡೇ ಹೋದಳು. ಹತ್ತೂವರೆಗೆ ನಾನು ಗುಡಿಯಲ್ಲಿ ದೀಪ ಹಚ್ಚಿ ಕೂತೆ.

ಕಂಪನಿಯಲ್ಲಿ ಮೂವರು ಆಫೀಸರುಗಳಂತೆ. ಹಿರಿಯರು ಅವಳ ಹುಬ್ಬಿನ ಮೇಲಿನ ಪಟ್ಟಿ ನೋಡಿ, "ಏನಮ್ಮ ಇದು?" ಅಂದರಂತೆ.

"ಇವತ್ತು ಬರಬಾರದು ಅಂತ ಚಿಕ್ಕಪ್ಪ ಹೊಡೆದ್ರು ಸಾರ್. ಬಂದಿದೀನಿ."

ಹಿರಿಯರು ಕುರ್ಚಿ ತೋರಿಸಿ ಕೂರಿಸಿದರಂತೆ. ಆಮೇಲೆ ಒಂದೊಂದೇ ಪ್ರಶ್ನೆ. ಸುಟ್ಟ ಹಾಳೆಯಲ್ಲಿದ್ದದ್ದೆಲ್ಲ ಬಾಯಿಗೇ ಬಂತಂತೆ. ಕೊನೆಗೆ, "ಫೋನಲ್ಲಿ ಜನ ಕೂಗಾಡಿದ್ರೆ ಏನ್ಮಾಡ್ತೀಯಾ?"

"ನಮ್ಮಮ್ಮ ಹದಿನೈದು ದಿನ ಕೂಗಿದಾರೆ ಸಾರ್, ಅಭ್ಯಾಸ ಆಗಿದೆ."

ಮೂವರೂ ನಕ್ಕುಬಿಟ್ಟರಂತೆ.

ಮುಂದಿನ ವಾರ ಆರ್ಡರ್ ಬಂತು. ಅವತ್ತೇ ಶಿವುವಿನ ಟ್ರಂಕನ್ನು ಬೀದಿಗಿಟ್ಟೆ. "ಅತ್ತಿಗೇ!" ಅಂತ ಕೈ ಎತ್ತಿದ. ವಿಮಲ ಅಡ್ಡ ನಿಂತಳು: "ಚಿಕ್ಕಪ್ಪ, ಇನ್ನೊಂದು ಕಾಲು ಚೆನ್ನಾಗಿದೆಯಲ್ಲಾ?" ಕುಂಟುತ್ತಾ ಹೋದವನು ತಿರುಗಿ ಬರಲಿಲ್ಲ.

ಭಕ್ತ ಬಂಧುಗಳೇ, ಮಗಳ ಕಣ್ಣು ಉಳಿಯಿತು, ಬಾಳೂ ಉಳಿಯಿತು. ರಾಹುಕಾಲಕ್ಕೆ ನಾನಿನ್ನು ಹೆದರುವುದಿಲ್ಲ, ಅದು ನಮ್ಮಮ್ಮನ ಹೊತ್ತು. ಅವತ್ತು ಆರ್ಡರಿಗೆ ಕುಂಕುಮ ಹಚ್ಚಿ, ಕೈ ಮುಗಿದು, ಅಡುಗೆಮನೆಗೆ ಎದ್ದೆ. ಸೋಮವಾರ ಕೆಲಸಕ್ಕೆ ಉಡುವ ಸೀರೆಗೆ ಗಂಜಿ ಬಸಿಯಬೇಕಿತ್ತು.