ಗಿಡುಗದ ಹೊಟ್ಟೆಗೆ ಮರುಗಿದವರು

ಗಲ್ಫಿನ ಸಲ್ವಾದಲ್ಲಿ ನಮ್ಮ ಎದುರಿನ ಬಂಗಲೆಯ ಬೇಟೆಗಿಡುಗವನ್ನು ನೋಡಿಕೊಳ್ಳುತ್ತಿದ್ದವರು ಕಾರ್ಕಳದ ಕಡೆಯವರು. ಹಾರಿಸುವ ದಿನ ಗಿಡುಗ ಹಸಿದಿರಬೇಕು, ಹೊಟ್ಟೆ ತುಂಬಿದ್ದರೆ ಕರೆದರೂ ಬರುವುದಿಲ್ಲ. ಇದು ಅವರಿಗೆ ಗೊತ್ತಿತ್ತು, ಒಪ್ಪಿಗೆ ಇರಲಿಲ್ಲ. ಅದರ ಎದೆಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿ, "ಪಾಪ, ಅದಕ್ಕೂ ಹೊಟ್ಟೆ ಉಂಟಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ತೊಂಬತ್ತರ ಜನವರಿಯೋ ಫೆಬ್ರವರಿಯೋ, ಒಂದು ಶುಕ್ರವಾರ ನನ್ನನ್ನೂ ಮರುಭೂಮಿಗೆ ಕರೆದೊಯ್ದರು. ಅವರ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಅರಬ ಯಜಮಾನರು, ಹಾರಿಸಿದ ಗಿಡುಗ ಬೇಟೆಯ ಗೊಡವೆಗೇ ಹೋಗದೆ ಪಕ್ಕದ ಡೇರೆಯ ಕಂಬದ ಮೇಲೆ ಕೂತುಬಿಟ್ಟಿತು. ಆ ಡೇರೆಯ ಮುದುಕರ ಗಿಡುಗವೂ ಆಗ ಆಕಾಶದಲ್ಲಿತ್ತು. ಒಬ್ಬರ ಹಕ್ಕಿ ಮೇಲಿರುವಾಗ ಇನ್ನೊಬ್ಬರು ಬಿಡಬಾರದೆಂಬುದು ಅಲ್ಲಿನ ಮರ್ಯಾದೆ. ಮೊದಲು ಬಿಟ್ಟವರು ಯಾರೆಂದು ನಾನೀಗ ಆಣೆಯಿಟ್ಟು ಹೇಳಲಾರೆ. ಕಫೀಲ್ ಮಾತ್ರ ಮುದುಕರ ಮೇಲೆ ಹರಿಹಾಯ್ದರು.

"ನೀವು ಸುಮ್ಮನಿರಿ, ಇಕಾಮಾ ರದ್ದಾಗಿ ಊರಿಗೆ ಹೋಗಬೇಕಾದೀತು" ಎಂದು ನಾನು ಕಾರ್ಕಳದವರಿಗೆ ಪಿಸುಗುಟ್ಟಿದೆ.

ಇವರು ಕಫೀಲರ ಮುಂದೆ ಹೋಗಿಯೇಬಿಟ್ಟರು. "ಬಾಬಾ, ಅವರದ್ದು ತಪ್ಪಿಲ್ಲ. ಬೆಳಿಗ್ಗೆ ನಾನೇ ಪಾರಿವಾಳ ತಿನ್ನಿಸಿದ್ದು."

"ಎಷ್ಟು?"

"ಇಡೀ."

ಇನ್ನೊಬ್ಬರ ಹಕ್ಕಿ ಕೈತಪ್ಪಿದಾಗ ನಗುವುದೂ ಅಲ್ಲಿ ಅಮರ್ಯಾದೆ. ಮುದುಕರು ಕಣ್ಣೀರು ಬರುವಷ್ಟು ನಕ್ಕರು. ಕಫೀಲ್ ಆ ಮುದುಕರ ಹಣೆಗೆ ಮುತ್ತಿಟ್ಟು ಕ್ಷಮೆ ಕೇಳಿ, ಇವರತ್ತ ತಿರುಗಿದರು. "ಅದಕ್ಕೆ ಹಸಿವಾಗುವವರೆಗೆ ಇಲ್ಲೇ ಕೂತಿರು. ನಿನಗೂ ಊಟ ಇಲ್ಲ."

ಸಂಜೆ ಗಿಡುಗ ಇವರ ಕೈಗವಸಿನ ಮೇಲೆ ಬಂದಿಳಿಯಿತು. "ಖಲಾಸ್," ಎಂದರು ಕಫೀಲ್. "ಕೆಲಸದಲ್ಲಿ ಇರು. ನಾಳೆಯಿಂದ ತಿನ್ನಿಸುವುದು ನಾನು."

ಕಾರಿನಲ್ಲಿ ಇವರು ನನ್ನ ಕಿವಿಯ ಬಳಿ ಬಗ್ಗಿದರು. "ಈ ಮನುಷ್ಯ ಲೆಕ್ಕ ಹಾಕಿ ತಿನ್ನಿಸುವ ಜನ. ನಾನು ಕದ್ದಾದರೂ ಸ್ವಲ್ಪ ಕೊಡ್ಬೇಕಾದೀತು."