ಚಿಕ್ಕೋಡಿಯಿಂದ ಕಾಗವಾಡಕ್ಕೆ, ಮೂರು ಬಗೆಯ ಎಲ್‌ಇಡಿ ಪರದೆ ನೋಡುತ್ತ

ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಆರರ ಬಸ್ಸಿಗೆ ನಾನು ಧಾರವಾಡ ಬಿಟ್ಟೆ. ಬೆಳಗಾವಿಯಲ್ಲಿ ಬಸ್ಸು ಬದಲಿಸಿ, ನಿಲ್ದಾಣದಲ್ಲೇ ಎರಡು ಇಡ್ಲಿ ತಿಂದು, ಚಿಕ್ಕೋಡಿ ಮುಟ್ಟುವಾಗ ಹನ್ನೊಂದಾಗಿತ್ತು. ಹೆದ್ದಾರಿ ಬಿಟ್ಟ ಮೇಲೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಡ್ರೈವರ್ ಹಾರ್ನ್ ಬಾರಿಸುವುದನ್ನೇ ಬಿಟ್ಟು, ಅವುಗಳ ಹಿಂದೆ ನಿಧಾನಕ್ಕೆ ಬಸ್ಸು ನಡೆಸಿದ.

ನಾನು ಆಗ ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಈ ಪ್ರಯಾಣ ಹೊರಟಿದ್ದು ಹಾಸ್ಟೆಲ್ಲಿನ ಕಾಲದ ಗೆಳತಿ ವಿಮಲಾಳ ಸಲುವಾಗಿ. ಕಾಗವಾಡದ ಹತ್ತಿರ ಕಿವಿ ಕೇಳದ ಮಕ್ಕಳ ವಸತಿ ಶಾಲೆಯೊಂದಕ್ಕೆ ಅವಳು ಮುಖ್ಯೋಪಾಧ್ಯಾಯಿನಿ. ಪಾಠವೆಲ್ಲ ಕೈಸನ್ನೆಯಲ್ಲಿ. ಶಾಲೆಯ ಹಾಲ್‌ಗೆ ಎರಡೂ ಕಡೆ ಕಿಟಕಿ, ಹಗಲಲ್ಲಿ ಪ್ರೊಜೆಕ್ಟರಿನ ಚಿತ್ರ ಮಂಕಾಗುತ್ತದೆ. ಶಿಕ್ಷಕರು ಅದರ ಮುಂದೆ ನಿಂತು ಸನ್ನೆ ಮಾಡಿದರೆ ಅವರ ಕೈಯ ನೆರಳೇ ಚಿತ್ರದ ಮೇಲೆ ಬೀಳುತ್ತದೆ. ದಾನಿಯೊಬ್ಬರು ದೊಡ್ಡ ಎಲ್‌ಇಡಿ ಪರದೆ ಕೊಡಿಸುತ್ತೇನೆಂದಿದ್ದರು. ಆದರೆ ಎಂಥ ಪರದೆ?

"ಒಬ್ಬರು ಒಂದ್ ಹೇಳ್ತಾರ, ಇನ್ನೊಬ್ಬರು ಇನ್ನೊಂದು" ಎಂದಿದ್ದಳು ವಿಮಲಾ ಫೋನಿನಲ್ಲಿ. "ತಪ್ಪಿದ್ದು ತಗೊಂಡ್ರ ಮತ್ತ ಯಾರೂ ಕೊಡೂದಿಲ್ಲ. ನೀ ಬಂದು ನೋಡಿ ಹೇಳು."

ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಬೆಳಕು ಕೊಡುವ ಚಿಪ್ ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನು ಯಾವ ಕವಚದೊಳಗೆ ಕೂರಿಸುತ್ತಾರೆ ಎಂಬುದರ ಮೇಲೆ ಪರದೆಯ ಗುಣ ನಿಂತಿರುತ್ತದೆ. ಆದರೆ ಐದು ವರ್ಷ ಬಳಸಿದ ಪರದೆಯೊಂದನ್ನು ಬಿಚ್ಚಿ ನೋಡಿದವಳಲ್ಲ ನಾನು. ಬೆಳಗಾವಿಯಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಹೆಸರು ಕೊಟ್ಟಳು: ರಾಯಬಾಗದ ಅಶೋಕ ಕಾಂಬಳೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳಲ್ಲಿ ಯಾವ ಬೋರ್ಡು ಕೆಟ್ಟರೂ ಜನ ಅವರಿಗೇ ಫೋನು ಮಾಡುತ್ತಾರಂತೆ.

ಅವರು ಸಿಕ್ಕಿದ್ದು ಚಿಕ್ಕೋಡಿಯ ಒಂದು ಮದುವೆ ಹಾಲ್‌ನಲ್ಲಿ. ವೇದಿಕೆಯ ಹಿಂದೆ ಗೋಡೆಯಗಲದ ಪರದೆ. ಅದರ ಕೆಳಗಿನ ಮೂಲೆಯಿಂದ ಎರಡು ಅಂಗೈಯಗಲದ ಒಂದು ತುಂಡು ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ನಲವತ್ತೈದರ ಆಸುಪಾಸು, ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ಕಂಡು ಏಳಲಿಲ್ಲ.

"ಬರ್ರಿ ಅಕ್ಕೋರ, ಕುಂದ್ರ್ರಿ. ಇದೊಂದ್ ದೀಪ ಕೂಡಸೂ ತನಕಾ ಉಸರು ಬಿಡಂಗಿಲ್ಲ."

ಬಿಸಿಗಾಳಿಯ ಯಂತ್ರದ ಮೂತಿಯನ್ನು ತುಂಡಿನ ಮೇಲೆ ಹಿಡಿದರು. ಬೆಸುಗೆ ಕರಗಿತು. ಚಿಮಟದಿಂದ ರವೆಯಷ್ಟು ಚಿಕ್ಕ ದೀಪವೊಂದನ್ನು ಎತ್ತಿ ಅದರ ಜಾಗಕ್ಕೆ ಇಳಿಸಿದರು. ನಮ್ಮ ಲ್ಯಾಬಿನಲ್ಲಿ ಆ ಕೆಲಸ ಮಾಡಬಲ್ಲವರು ನನ್ನನ್ನೂ ಸೇರಿಸಿ ಯಾರೂ ಇಲ್ಲ.

ಅದು ಎಸ್‌ಎಮ್‌ಡಿ ಪರದೆ. ಕೆಂಪು, ಹಸಿರು, ನೀಲಿ ಮೂರೂ ಚಿಪ್‌ಗಳನ್ನು ಒಂದೇ ಪುಟ್ಟ ಡಬ್ಬಿಯೊಳಗೆ ಕೂರಿಸಿ, ಆ ಡಬ್ಬಿಯನ್ನು ಬೋರ್ಡಿನ ಮೇಲೆ ಬೆಸೆದಿರುತ್ತಾರೆ. ಚಿತ್ರ ನುಣುಪಾಗಿ ಬರುತ್ತದೆ, ಯಾವ ಮಗ್ಗುಲಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಆದರೆ ಡಬ್ಬಿಗಳು ಬೋರ್ಡಿನಿಂದ ಮೇಲೆದ್ದು ನಿಂತಿರುತ್ತವೆ.

"ಮದುವಿ ಮನಿ ನೋಡ್ರಿ" ಎಂದರು ಕಾಂಬಳೆ. "ಪೋಟೊಕ್ಕ ನಿಂತವ್ರು ಬೆನ್ನು ಆನಸ್ತಾರ, ಖುರ್ಚಿ ತಾಗತೈತಿ. ಅಂಚಿನ ದೀಪ ಉದುರ್ತಾವ. ಪ್ರತಿ ಸೀಜನ್ನಿಗೆ ನಾ ಬರೂದ ಆಗೇತಿ."

ಬಳಕೆಯಲ್ಲಿರುವ ಪರದೆಗಳನ್ನು ದಾರಿಯಲ್ಲಿ ತೋರಿಸುತ್ತ ಕಾಗವಾಡದವರೆಗೆ ಜೊತೆಗೆ ಬರಲು ಅವರು ಒಪ್ಪಿದ್ದರು. ಮಧ್ಯಾಹ್ನ ಇಬ್ಬರೂ ನಿಪ್ಪಾಣಿಯ ಬಸ್ಸು ಹತ್ತಿದೆವು. ಒಂದು ತಾಸಿನೊಳಗಿನ ದಾರಿ. ಊರು ಸಮೀಪಿಸುತ್ತಿದ್ದಂತೆ ಕಿಟಕಿಯಲ್ಲಿ ತಂಬಾಕಿನ ಘಾಟು ಬಂತು. ನನಗೆ ಎರಡು ಸಲ ಸೀನು ಬಂದಾಗ ಪಕ್ಕದ ಸೀಟಿನ ಹೆಂಗಸು ಮರಾಠಿಯಲ್ಲಿ ಏನೋ ಹೇಳಿ ನಕ್ಕಳು. "ಹೊಸಬರು ಅಂತ ಗೊತ್ತಾತು ಅಂತಾಳ್ರಿ" ಎಂದು ಕಾಂಬಳೆ ಅರ್ಥ ಹೇಳಿದರು. ನಿಲ್ದಾಣದ ಎದುರು ಖಾರದ ಮಿಸಳ್ ತಿಂದೆವು. ಕಣ್ಣಲ್ಲಿ ನೀರು ಬಂದರೂ ಪಾವ್ ಅದ್ದಿ ತಟ್ಟೆ ಖಾಲಿ ಮಾಡಿದೆ. ಆ ರಾತ್ರಿ ನಾನು ಲಾಡ್ಜಿನಲ್ಲಿ ಉಳಿದೆ, ಅವರು ತಂಗಿಯ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಬೇಡಕಿಹಾಳ. ಅಲ್ಲಿನ ಕಾಟಾ, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆ, ಊರ ಹೊರಗಿತ್ತು. ಎತ್ತರದ ಕಂಬದ ಮೇಲೆ ಒಂದು ಹಳೆಯ ಬೋರ್ಡು. ಅದರಲ್ಲಿ ತೂಕದ ಅಂಕಿ ಕೆಂಪಗೆ ಮೂಡುತ್ತಿತ್ತು. ಹತ್ತು ಗಂಟೆಯ ಬಿಸಿಲು ನೇರ ಅದರ ಮುಖಕ್ಕೇ ಬಿದ್ದಿದ್ದರೂ, ಸಾಲಿನ ಕೊನೆಯ ಟ್ರ್ಯಾಕ್ಟರಿನ ಹತ್ತಿರ ನಿಂತು ನಾನು ಪ್ರತಿ ಅಂಕಿ ಓದಿದೆ.

ಇದು ಡಿಐಪಿ ಬಗೆಯದು, ಮೂರರಲ್ಲಿ ಎಲ್ಲಕ್ಕಿಂತ ಹಳೆಯದು. ಒಂದೊಂದು ಚಿಪ್‌ಗೂ ಬೇರೆ ಬೇರೆ ಬಲ್ಬಿನಾಕಾರದ ಗಟ್ಟಿ ಕವಚ, ಕೆಳಗೆ ಎರಡು ತಂತಿಕಾಲು. ಕಾಲನ್ನು ಬೋರ್ಡಿನ ತೂತಿನಲ್ಲಿ ತೂರಿಸಿ ಹಿಂದಿನಿಂದ ಬೆಸೆಯುತ್ತಾರೆ. ಕವಚದ ದುಂಡು ತಲೆಯೇ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ.

"ಇದನ್ನ ನಾನ ಮಾಡಿದ್ದು" ಎಂದರು ಕಾಂಬಳೆ, ಕಂಬದತ್ತ ನೋಡುತ್ತ. "ಆಗ ಇಚಲಕರಂಜಿಯೊಳಗ ಬೋರ್ಡ್ ಮಾಡೂ ಕಾರಖಾನೆಯಾಗ ಕೂಲಿ ಇದ್ನಿ. ದಿನಾ ಕಾಲು ತೂರ್ಸೂದು, ಬೆಸಿಯೂದು. ನಿದ್ದಿಯೊಳಗೂ ಬೆರಳು ಆಡ್ತಿದ್ದು ಅಂತ ನಮ್ಮವ್ವ ಹೇಳ್ತಿದ್ಲು."

ಸರದಿಗಾಗಿ ಕಾದಿದ್ದ ಮುದುಕ ರೈತರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. "ಮೊದಲೆಲ್ಲಾ ತೂಕ ಒಳಗ ಕುಂತಾಂವ ಹೇಳ್ತಿದ್ದ, ನಾವು ಕೇಳ್ತಿದ್ವಿ" ಎಂದರು. "ಈ ಬೋರ್ಡ್ ಬಂದಮ್ಯಾಲ ಎಲ್ಲಾರೂ ನೋಡ್ತೀವಿ. ಜಗಳ ಕಡಿಮಿ ಆಗ್ಯಾವ. ಮಳಿ ಆತು, ಬಿಸಲಾತು, ಇದೇನ್ ಆರಿಲ್ಲ ನೋಡ್ರಿ." ಮಾಡಿದವರು ಎದುರಿಗೇ ಇದ್ದಾರೆಂದು ನಾನು ಹೇಳಿದಾಗ ಅವರು ಗಾಡಿಯಿಂದ ಎರಡು ಕಬ್ಬು ಎಳೆದು ಕಾಂಬಳೆಯವರ ಕೈಗಿಟ್ಟರು. ಕಾಂಬಳೆಯವರಿಗೆ ಸಂಕೋಚವಾಯಿತು. ಒಂದನ್ನು ಮುರಿದು ನನಗೆ ಕೊಟ್ಟರು.

ನಾನು ಕಬ್ಬು ಸಿಗಿಯುತ್ತ ಬೋರ್ಡಿನ ಬುಡಕ್ಕೆ, ಆಮೇಲೆ ಮಗ್ಗುಲಿಗೆ ನಡೆದೆ. ಅಲ್ಲಿಂದ ಅಂಕಿಗಳು ಬಹಳ ಮಂಕಾಗಿದ್ದವು. ದುಂಡು ತಲೆ ಬೆಳಕನ್ನೆಲ್ಲ ಎದುರಿಗೇ ಕಳಿಸಿಬಿಡುತ್ತದೆ. ಬಯಲಿಗೆ ಅದೇ ಸರಿ, ಶಾಲೆಯ ಹಾಲ್‌ಗಲ್ಲ.

ಸಂಜೆಯ ಹೊತ್ತಿಗೆ ರಾಯಬಾಗ ಮುಟ್ಟಿದೆವು. ಕಾಂಬಳೆಯವರ ಮನೆ ಎರಡು ಕೋಣೆಯದು. ಮುಂದಿನದರಲ್ಲಿ ಅರ್ಧ ಕಾರ್ಯಾಗಾರ. ಗೋಡೆಯ ಮೇಲೆ ಬುದ್ಧನ ಫೋಟೊ, ಕೆಳಗೆ ಮೇಜಿನ ಮೇಲೆ ಊರೂರಿನಿಂದ ಬಂದ ಕೆಟ್ಟ ಮಾಡ್ಯೂಲುಗಳು. ಪರದೆಯ ಒಂದೊಂದು ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಊರು ಮತ್ತು ದೋಷ ಬರೆದ ಚೀಟಿ ಅಂಟಿಸಿದ್ದರು. ಅಕ್ಷರ ಮುತ್ತಿನಂತಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವರು ಸರ್ಕೀಟಿನ ನಕ್ಷೆಗಳನ್ನು ತಾವೇ ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟಿದ್ದರು. ಅದರಲ್ಲಿ ಒಂದು ನಕ್ಷೆಯನ್ನು ಕೇಳಿ ತೆಗೆದುಕೊಂಡೆ. ಈಗ ನನ್ನ ತರಗತಿಯಲ್ಲಿ ಅದನ್ನೇ ಬಳಸುತ್ತೇನೆ.

ಅವರ ಹೆಂಡತಿ ಸುನೀತಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯಿಂದ ಬಂದವರೇ ರೊಟ್ಟಿ ಬಡಿದರು. ಜೊತೆಗೆ ಝುಣಕ, ಶೇಂಗಾ ಹಿಂಡಿ, ಮೊಸರು. ಊಟಕ್ಕೆ ಬಡಿಸುತ್ತ ಅವರು ನೇರವಾಗಿ ಕೇಳಿದರು.

"ಅಕ್ಕೋರ, ಆ ಹೊಸಾ ನಮೂನಿದು ಬಂತಲ್ಲ, ಸಿಓಬಿ ಅಂತ. ಅದು ಎಲ್ಲಾ ಕಡೆ ಬಂದ್ರ ಇವ್ರಿಗೆ ಕೆಲಸಾ ಎಲ್ಲೈತ್ರಿ? ಅದನ್ನ ಬಿಚ್ಚಾಕ ಬರಂಗಿಲ್ಲಂತ."

ಸಿಓಬಿಯಲ್ಲಿ ಡಬ್ಬಿಯೇ ಇರುವುದಿಲ್ಲ. ಬರಿಯ ಚಿಪ್‌ಗಳನ್ನೇ ಬೋರ್ಡಿಗೆ ಅಂಟಿಸಿ, ಮೇಲೆ ಇಡಿಯಾಗಿ ಒಂದೇ ರಾಳದ ಪದರ ಹೊದಿಸುತ್ತಾರೆ. ಒಳಗೆ ಒಂದು ಚಿಪ್ ಸತ್ತರೂ ಚಿಮಟ ಅದನ್ನು ಮುಟ್ಟಲಾರದು. ವಿಮಲಾ ಎಸ್‌ಎಮ್‌ಡಿ ಪರದೆ ಕೊಂಡರೆ, ಕಾಗವಾಡದ ಕೆಲಸ ವರ್ಷವರ್ಷವೂ ಕಾಂಬಳೆಯವರಿಗೆ ಬರುತ್ತದೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕಾಂಬಳೆ ತಲೆ ಎತ್ತದೆ ರೊಟ್ಟಿ ಮುರಿದರು. "ಮೊದಲ ನೋಡೂಣು" ಎಂದಷ್ಟೇ ಅಂದರು.

ಗುರುವಾರ ಕುಡಚಿಯ ಬಳಿ ಕೃಷ್ಣೆ ದಾಟಿ ಅಥಣಿಗೆ ಹೋದೆವು. ಹೊಳೆಯಲ್ಲಿ ನೀರು ಇಳಿದು ಕಲ್ಲುಗಳು ಎದ್ದಿದ್ದವು. ಕಾಂಬಳೆಯವರ ತೊಡೆಯ ಮೇಲೆ ಬಟ್ಟೆ ಸುತ್ತಿದ ಒಂದು ಫ್ರೇಮು. ಹೊಸ ಎಸ್‌ಎಮ್‌ಡಿ ಮಾಡ್ಯೂಲು ನಾಲ್ಕು ಜೋಡಿಸಿ ತಂದಿದ್ದರು, ಸಿಓಬಿಯ ಪಕ್ಕ ಇಟ್ಟು ನೋಡಲಿಕ್ಕೆ. ಅಥಣಿಯಲ್ಲಿ ಪುಣೆಯ ಎಂಜಿನಿಯರ್ ನಿಖಿಲ್ ಕಾರಿನೊಂದಿಗೆ ಕಾಯುತ್ತಿದ್ದ. ಸಿಓಬಿ ಪರದೆ ಮಾರುವವರ ಕಡೆಯವನು, ವಿಮಲಾ ಕೇಳಿದ್ದಕ್ಕೆ ಮಾದರಿಯೊಂದನ್ನು ತಂದಿದ್ದ. ಚುರುಕು ಹುಡುಗ, ಕನ್ನಡ ಬಾರದು. ನಾನು ಅಂಗಡಿಸಾಲಿನಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಕೊಂಡು ಬರುವಷ್ಟರಲ್ಲಿ ಅವರಿಬ್ಬರೂ ಮರಾಠಿಯಲ್ಲಿ ಮಾತಿಗೆ ತೊಡಗಿದ್ದರು. ಮಂಗಸೂಳಿ ದಾಟುವವರೆಗೂ ಕಾಂಬಳೆಯವರ ಪ್ರಶ್ನೆ ಮುಗಿಯಲಿಲ್ಲ. ನಿಖಿಲ್ ಮೊದಲು ಸಲೀಸಾಗಿ ಉತ್ತರ ಕೊಡುತ್ತಿದ್ದವನು ಆಮೇಲೆ ಯೋಚಿಸಿ ಕೊಡತೊಡಗಿದ.

ವಿಮಲಾ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಹಾಲ್‌ನಲ್ಲಿ ಐವತ್ತರಷ್ಟು ಮಕ್ಕಳು ಚಾಪೆಯ ಮೇಲೆ ಅರ್ಧಚಂದ್ರಾಕಾರವಾಗಿ ಕೂತಿದ್ದರು. ಒಬ್ಬರ ಸನ್ನೆ ಇನ್ನೊಬ್ಬರಿಗೆ ಕಾಣಬೇಕೆಂದರೆ ಹಾಗೆಯೇ ಕೂರಬೇಕು. ಎರಡು ಪರದೆಗಳನ್ನೂ ಮುಂದೆ ಅಕ್ಕಪಕ್ಕ ನಿಲ್ಲಿಸಿ, ವಿಮಲಾಳ ಪಾಠದ ಒಂದು ವಿಡಿಯೊ ಹಾಕಿದೆವು. ಕಾಂಬಳೆ ಚಪ್ಪಲಿ ಬಿಟ್ಟು ಹೋಗಿ ಅರ್ಧಚಂದ್ರದ ತೀರ ಕೊನೆಯಲ್ಲಿ, ಗೋಡೆಯ ಬದಿಗೆ, ಮಕ್ಕಳ ಜೊತೆ ಕೂತರು. ಆಮೇಲೆ ಎದ್ದು ಇನ್ನೊಂದು ತುದಿಗೆ ಹೋಗಿ ಕೂತರು. ಎರಡೂ ಪರದೆ ಮಗ್ಗುಲಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಸಿಓಬಿಯ ಕಪ್ಪು ಇನ್ನಷ್ಟು ಗಾಢವಾಗಿ, ಬೆರಳಿನ ಅಂಚು ಬಿಡಿಬಿಡಿಯಾಗಿ ಕಂಡಿತು.

ವಿಡಿಯೊ ಮುಗಿದಾಗ ನಾವು ಯಾರೂ ಎಣಿಸದಿದ್ದುದು ನಡೆಯಿತು. ಮಕ್ಕಳು ಎದ್ದು ಮುಂದೆ ಬಂದು ಪರದೆಯ ಮೇಲಿನ ವಿಮಲಾಳ ಕೈಯನ್ನು ಮುಟ್ಟಿದರು. ಅವಳ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಸನ್ನೆಯ ಆಕಾರ ಹಿಡಿದು ನೋಡಿದರು. ಹೊಸ ಸನ್ನೆ ಕಲಿಯುವುದೇ ಹಾಗೆ, ಎಂದಳು ವಿಮಲಾ. ನಿಖಿಲ್ ಮುಂದೆ ಹೋಗಿ ತಡೆಯಲು ನೋಡಿದ. ಕಾಂಬಳೆ ಅವನ ತೋಳು ಹಿಡಿದರು. "ರಾಹೂ ದ್ಯಾ" ಎಂದರು ಮರಾಠಿಯಲ್ಲಿ, ಇರಲಿ ಬಿಡಿ ಎಂದು.

ಅರ್ಧ ತಾಸು ಕಳೆಯಿತು. ಆಮೇಲೆ ಕಾಂಬಳೆ ಎರಡೂ ಪರದೆಗಳ ಮುಂದೆ ಕೂತು ಅಂಗೈಯನ್ನು ಮೆಲ್ಲಗೆ ಮೇಲಿಂದ ಕೆಳಕ್ಕೆ ಸವರಿದರು. ತಾವು ತಂದ ಫ್ರೇಮಿನ ಅಂಚಿನಲ್ಲಿ ಮೂರು ದೀಪ ಉದುರಿದ್ದವು. ಅವನ್ನು ನೆಲದಿಂದ ಹೆಕ್ಕಿ ಜೇಬಿನಲ್ಲಿ ಹಾಕಿಕೊಂಡರು. ಸಿಓಬಿಯ ಮೇಲೆ ಬೆರಳಿನ ಗುರುತು ಬಿಟ್ಟರೆ ಏನೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದೂ ಹೋಯಿತು.

ವಿಮಲಾ ನನ್ನತ್ತ ನೋಡಿದಳು. ನಾನು ಕಾಂಬಳೆಯವರತ್ತ ನೋಡಿದೆ.

"ಇದನ್ನ ತಗೋರಿ" ಎಂದು ಸಿಓಬಿಯ ಕಡೆ ಕೈ ಮಾಡಿದರು. "ನಾ ತಂದದ್ದು ಇಲ್ಲಿಗೆ ಬ್ಯಾಡ್ರಿ."

"ಕೆಟ್ರ ನೀವು ರಿಪೇರಿ ಮಾಡ್ತೀರೇನ್ರಿ?" ಎಂದು ವಿಮಲಾ ಕೇಳಿದಳು.

"ಇಲ್ರಿ. ನನ್ನ ಕೈಲೆ ಆಗೂದಿಲ್ಲ. ಪುಣೆಕ್ಕ ಕಳಸಬೇಕು. ಅದಕ್ಕ ಒಂದು ಮಾತು. ಇದರ ಜೋಡೀನ, ಅದ ಬ್ಯಾಚಿನ ನಾಲ್ಕು ಮಾಡ್ಯೂಲ್ ಹೆಚ್ಚಿಗಿ ಕೇಳ್ರಿ. ಬ್ಯಾರೆ ಬ್ಯಾಚಿಂದಾದ್ರ ಬಣ್ಣಾ ಕೂಡಂಗಿಲ್ಲ, ಪರದಿಗೆ ತ್ಯಾಪಿ ಹಚ್ಚಿದಂಗ ಕಾಣತೈತಿ. ಕೆಟ್ಟದ್ದು ಪುಣೆಕ್ಕ ಹೋಗಿ ಬರೂತನಕಾ ಈ ಹೆಚ್ಚಿಗಿ ಮಾಡ್ಯೂಲ್ ಹಾಕ್ಬೇಕು. ಅದನ್ನ ಬದಲಿ ಮಾಡೂದು ನಿಮ್ಮ ಮಾಸ್ತರಗೆ ನಾ ಕಲಿಸಿ ಹೋಗ್ತೀನಿ."

ಕಾಂಬಳೆ ಅದನ್ನೇ ಮರಾಠಿಯಲ್ಲಿ ಹೇಳಿದ ಮೇಲೆ ನಿಖಿಲ್ ಫೋನು ಹಿಡಿದು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಬಂದು, ಆಗಬಹುದಂತೆ, ಬರೆದು ಕೊಡುತ್ತೇವೆ ಎಂದ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಬ್ಯಾಚಿನ ಮಾತು ಹೊಳೆದಿರಲಿಲ್ಲ.

ಊಟದ ನಂತರ ಕಾಂಬಳೆ ಮಾಸ್ತರರಿಗೆ ಮಾಡ್ಯೂಲ್ ಬದಲಿಸುವುದನ್ನು ಕಲಿಸಿ ಹೊರಬಂದರು. ಅಂಗಳದಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ: "ಮನ್ಯಾಗ ಏನ್ ಹೇಳ್ತೀರಿ, ಕಾಂಬಳೇರ?"

"ಕಂಡದ್ದ ಹೇಳ್ತೀನ್ರಿ" ಎಂದರು. "ಆ ಹುಡುಗುರು ಕೈಲೆ ಮಾತಾಡ್ತಾವ. ಪರದಿ ಮುಟ್ಟಬ್ಯಾಡ್ರಿ ಅಂತ ಅವಕ್ಕ ಹ್ಯಾಂಗ ಹೇಳೂದು? ಅಕಿಗೂ ತಿಳಿತೈತಿ."

ಹೊರಡುವ ಮುನ್ನ ವಿಮಲಾ ನಗುತ್ತ ಬಂದಳು. ಇಲ್ಲಿನ ಮಕ್ಕಳು ತಮಗೆ ಬೇಕಾದವರಿಗೆ ಸನ್ನೆಯಲ್ಲೊಂದು ಹೆಸರಿಡುತ್ತಾರೆ. ಕಾಂಬಳೆಯವರಿಗೆ ಒಂದೇ ದಿನದಲ್ಲಿ ಇಟ್ಟಿದ್ದರು. ಎಡಗೈಯನ್ನು ನೆಟ್ಟಗೆ ಹಿಡಿದು, ಬಲ ಅಂಗೈಯಿಂದ ಅದನ್ನು ಮೆಲ್ಲಗೆ ಸವರುವುದು. ನನಗೆ ಹೆಸರೇನಾದರೂ ಇದೆಯೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಮೂರು ದಿನದಲ್ಲಿ ಮೊದಲ ಸಲ ಕಾಂಬಳೆ ಗಟ್ಟಿಯಾಗಿ ನಕ್ಕರು.

ನಿಖಿಲ್ ನಮ್ಮನ್ನು ಕಾಗವಾಡದ ಬಸ್ ನಿಲ್ದಾಣಕ್ಕೆ ಬಿಟ್ಟ. ನಾನು ಮೀರಜಿಗೆ ಹೋಗಿ ಧಾರವಾಡದ ರೈಲು ಹಿಡಿಯಬೇಕಿತ್ತು, ಕಾಂಬಳೆ ರಾಯಬಾಗಕ್ಕೆ. ಸಿಓಬಿ ರಿಪೇರಿ ಎಲ್ಲಿ ಕಲಿಸುತ್ತಾರೆಂದು ಅವರು ಕೇಳಿದರು. ಹಾಗೆ ಹೊರಗಿನವರಿಗೆ ಕಲಿಸುವ ವ್ಯವಸ್ಥೆ ಇಲ್ಲ ಎಂದ ನಿಖಿಲ್. "ಹಂಗಾದ್ರ ಕೆಟ್ಟದ್ದೊಂದು ಮಾಡ್ಯೂಲ್ ಕೊಡ್ರಿ" ಎಂದು ಕಾಂಬಳೆ ಕನ್ನಡದಲ್ಲೇ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ ಕಾರಿನ ಡಿಕ್ಕಿ ತೆಗೆದು, ತೋರಿಸಲಿಕ್ಕೆ ಒಯ್ದು ಒಯ್ದು ಹಾಳಾಗಿದ್ದ ಒಂದನ್ನು ಅವರ ಕೈಗೆ ಕೊಟ್ಟ.

ಮೀರಜ್ ಬಸ್ಸು ಮೊದಲು ಬಂತು. ಸೀಟು ಹಿಡಿದು ಕಿಟಕಿಯಿಂದ ನೋಡಿದೆ. ಕಾಂಬಳೆ ಕಲ್ಲುಬೆಂಚಿನ ಮೇಲೆ ಕೂತು, ಆ ಕಪ್ಪು ಮಾಡ್ಯೂಲನ್ನು ಬಿಸಿಲಿಗೆ ಹಿಡಿದು, ಅತ್ತಿತ್ತ ವಾಲಿಸುತ್ತ, ಉಗುರಿನಿಂದ ರಾಳದ ಅಂಚನ್ನು ಎಬ್ಬಿಸಿ ನೋಡುತ್ತಿದ್ದರು. ನಮ್ಮದು ಹೊರಡುವ ಮೊದಲೇ ರಾಯಬಾಗದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಊರಿನ ಹೆಸರು ಕೂಗಿ, ಗಂಟೆ ಹೊಡೆದು, ಬಸ್ಸು ಹೊರಡಿಸಿಕೊಂಡು ಹೋದ. ಅವರು ತಲೆ ಎತ್ತಲಿಲ್ಲ.